ಬಾಯಿಪಾಠವೇ ಬುದ್ಧಿಯಲ್ಲ

ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಕಂಪ್ಯೂಟರ್ ವಿದ್ಯೆ ಕಲಿಯುತ್ತಿದ್ದಾರೆ. ಅದರ ಬೆನ್ನಿಗೇ ಹಿರಿಯರ ದೂರು: "ಇವನಿಗೆ ಏನೂ ಬಾಯಿಪಾಠವಿಲ್ಲ. ಅರ್ಧ ಸಾಲು ಬರೆದರೆ ಉಳಿದರ್ಧವನ್ನು ಯಂತ್ರವೇ ಸೂಚಿಸುತ್ತದೆ, ತಪ್ಪಿದರೆ ಕೆಂಪು ಗೆರೆ ಎಳೆಯುತ್ತದೆ. ಇದೂ ಒಂದು ವಿದ್ಯೆಯೇ?" ಶಾಲೆಯ ಧೋರಣೆಯೂ ಬೇರೆಯಲ್ಲ. ಸಿ.ಬಿ.ಎಸ್.ಇ. ಹನ್ನೆರಡನೆಯ ತರಗತಿಯಲ್ಲಿ ಪ್ರಾಯೋಗಿಕ ಪರೀಕ್ಷೆಗೆ 30 ಅಂಕ. 70 ಅಂಕದ ಥಿಯರಿಯಲ್ಲಿ ಪ್ರೋಗ್ರಾಮನ್ನು ಪೆನ್ನಿನಿಂದ ಕಾಗದದ ಮೇಲೆಯೇ ಬರೆಯಬೇಕು. ಈ ಧೋರಣೆ ತಪ್ಪೆಂಬುದೇ ನನ್ನ ವಾದ.

ಮನುಷ್ಯನ ತಲೆ ಒಮ್ಮೆಗೆ ಹಿಡಿದಿಟ್ಟುಕೊಳ್ಳುವುದು ಬಹಳ ಸ್ವಲ್ಪ. 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಅದನ್ನು ಸುಮಾರು ಏಳು ಸಂಗತಿಗಳೆಂದರು. ನಂತರದವರು ಇನ್ನೂ ಕಡಿಮೆ ಎಂದರು. ದೊಡ್ಡ ಪ್ರೋಗ್ರಾಮಿನಲ್ಲೋ ಸಾವಿರಾರು ಹೆಸರುಗಳು! ತನ್ನ ತಲೆಯ ಮಿತಿಯನ್ನು ಅರಿತು ವಿನಯದಿಂದ ದುಡಿಯುವವನೇ ಸಮರ್ಥನೆಂದು ಡೈಕ್‌ಸ್ಟ್ರಾ 1972ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಪ್ರತಿಪಾದಿಸಿದರು.

ನೆನಪನ್ನೇ ನಂಬಿದರೆ ಏನಾಗುತ್ತದೆ? 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಸುಮಾರು 40 ಸೆಕೆಂಡುಗಳಲ್ಲಿ ಛಿದ್ರವಾಯಿತು. ಏರಿಯಾನ್-4ಕ್ಕಾಗಿ ಬರೆದಿದ್ದ ಪ್ರೋಗ್ರಾಮಿನ ಭಾಗವೊಂದು ಅದರಲ್ಲಿತ್ತು. 64 ಬಿಟ್‌ಗಳ ಸಂಖ್ಯೆಯೊಂದು 16 ಬಿಟ್‌ಗಳ ಜಾಗದಲ್ಲಿ ಹಿಡಿಸಲಿಲ್ಲ. ಹಳೆಯ ರಾಕೆಟ್ಟಿನಲ್ಲಿ ಅದು ಅಷ್ಟು ಬೆಳೆಯದೆಂದು ಯೋಚಿಸಿಯೇ ರಕ್ಷಣೆಯನ್ನು ಬಿಟ್ಟಿದ್ದರು. ಆದರೆ ಆ ಕಾರಣ ಪ್ರೋಗ್ರಾಮಿನಲ್ಲೇ ಬರೆದಿರಲಿಲ್ಲವೆಂದು ತನಿಖಾ ಮಂಡಳಿ ಕಂಡುಕೊಂಡಿತು. ಅವರೇನು ದಡ್ಡರೇ? ಸರ್ಕಾರಿ ಕಚೇರಿಯನ್ನು ಎಷ್ಟಾದರೂ ಬೈಯಿರಿ. ಕಡತದಲ್ಲಿ ತೀರ್ಮಾನದ ಜೊತೆಗೇ ಕಾರಣದ ಟಿಪ್ಪಣಿ ಇರಬೇಕೆಂಬ ಪದ್ಧತಿ ಇಂಥ ಮರೆವಿಗೇ ಮದ್ದು.

ಹಾಗಾದರೆ ಮಗ್ಗಿಯೂ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಲೆಕ್ಕದ ದಾರಿ ತಲೆಯಲ್ಲಿರಬೇಕು. ಆವರಣ ಚಿಹ್ನೆ ಎಲ್ಲಿ ಮುಚ್ಚಬೇಕು, ಯಾವ ಹೆಸರಿನ ಕಾಗುಣಿತವೇನು ಎಂಬ ಕಾವಲನ್ನು ಯಂತ್ರ ಕಾಯಲಿ. ಆಗಲೇ ಗಮನ ಮುಖ್ಯವಾದುದಕ್ಕೆ ಉಳಿಯುತ್ತದೆ. ಇಡೀ ಪ್ರೋಗ್ರಾಮನ್ನೇ ಬರೆದುಕೊಡುವ ಇಂದಿನ ಕೃತಕ ಬುದ್ಧಿಯ ಮಾತು ಬೇರೆ. ಓದಿ ನೋಡದೆ ಅದನ್ನು ಒಪ್ಪಿಸುವ ಹುಡುಗನನ್ನು ನಾನು ಸಮರ್ಥಿಸುವುದಿಲ್ಲ. ಊರುಗೋಲು ಹಿಡಿದವನು ತಾನೇ ನಡೆಯುತ್ತಾನೆ; ಪಲ್ಲಕ್ಕಿ ಏರಿದವನು ನಡೆಯುವುದಿಲ್ಲ.

ಆದ್ದರಿಂದ ತಂದೆತಾಯಂದಿರೇ, "ಬಾಯಿಪಾಠ ಒಪ್ಪಿಸು" ಎನ್ನಬೇಡಿ. "ಇದನ್ನು ಹೀಗೇಕೆ ಬರೆದೆ?" ಎಂದು ಕೇಳಿ. ಪರೀಕ್ಷೆಯವರೂ ಕಾಗದ ಬಿಟ್ಟು ಕಂಪ್ಯೂಟರಿನ ಮುಂದೆ ಕೂರಿಸಿ ಇದೇ ಪ್ರಶ್ನೆ ಕೇಳಲಿ. ಉತ್ತರ ಹೇಳಬಲ್ಲ ಮಗುವಿಗೆ ವಿದ್ಯೆ ಬಂದಿದೆ.