ಸಹನೆಯೊಂದೇ ಮದ್ದಲ್ಲ

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವಳನ್ನು ಕಂಡು ‘ಗಂಡಾಂತರ ಕಳೆಯಿತು’ ಎನ್ನುತ್ತೇವೆ. ಸ್ತನದ ಕ್ಯಾನ್ಸರಿಗೆ ತುತ್ತಾದ ಅನೇಕ ಸ್ತ್ರೀಯರಿಗೆ ದೀರ್ಘ ಪರೀಕ್ಷೆ ತೊಡಗುವುದೇ ಅನಂತರ. ಗಡ್ಡೆಯು ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಬಲದಿಂದ ಬೆಳೆಯುವಂಥದಾದರೆ, ಅದು ಮರುಕಳಿಸದಂತೆ ಟಮಾಕ್ಸಿಫೆನ್ ಇಲ್ಲವೆ ಲೆಟ್ರೊಜೋಲ್ ಗುಳಿಗೆಯನ್ನು ಪ್ರತಿದಿನವೂ 5 ವರ್ಷ, ಕೆಲವರು 10 ವರ್ಷ ಸೇವಿಸಬೇಕು. 5 ವರ್ಷದ ಟಮಾಕ್ಸಿಫೆನ್ ಇಂಥ ರೋಗದಿಂದಾಗುವ ಮರಣಗಳನ್ನು ಸುಮಾರು ಮೂರರಲ್ಲೊಂದು ಪಾಲಿನಷ್ಟು ತಗ್ಗಿಸುತ್ತದೆ.

ಆದರೆ ಗುಳಿಗೆಯ ಉಪದ್ರವಗಳೂ ಉಂಟು: ಹಠಾತ್ತನೆ ಮೈಗೇರುವ ಕಾವು, ಇರುಳಿನ ಬೆವರು, ನಿದ್ರಾಭಂಗ, ಲೆಟ್ರೊಜೋಲಿನಿಂದ ವಿಶೇಷವಾಗಿ ಕೀಲುನೋವು. ಇವನ್ನೆಲ್ಲ ನುಂಗಿಕೊಂಡವಳನ್ನು ‘ಸಹನಾಮೂರ್ತಿ’ ಎಂದು ಹೊಗಳುವುದು ನಮ್ಮ ರೂಢಿ. ಆ ಹೊಗಳಿಕೆಯೇ ಆಕೆಯ ಬಾಯಿ ಕಟ್ಟುತ್ತದೆ. ತಾಳಲಾರದ ದಿನ ಒಮ್ಮೊಮ್ಮೆ ಯಾರಿಗೂ ತಿಳಿಸದೆ ಗುಳಿಗೆಯನ್ನೇ ಬಿಟ್ಟುಬಿಡುತ್ತಾಳೆ.

ಹೇಳಿಕೊಂಡರೆ ದಾರಿಗಳಿವೆ. ನಿತ್ಯದ ನಡಿಗೆ, ವ್ಯಾಯಾಮಗಳು ಕೀಲುನೋವನ್ನು ತಗ್ಗಿಸಬಲ್ಲವು. ಮೈಕಾವಿಗೆ ಹಾರ್ಮೋನಿಲ್ಲದ ಔಷಧಗಳಿವೆ. ವೈದ್ಯರು ಗುಳಿಗೆಯನ್ನೇ ಬದಲಿಸಲೂಬಹುದು. ಅವರನ್ನು ಕೇಳದೆ ಬೇರೆ ಔಷಧ ಸೇವಿಸುವುದು ಮಾತ್ರ ಸಲ್ಲದು: ಖಿನ್ನತೆಗೆ ಕೊಡುವ ಪರಾಕ್ಸೆಟಿನ್ ಟಮಾಕ್ಸಿಫೆನ್ನಿನ ಗುಣವನ್ನು ಕುಂದಿಸಬಲ್ಲುದು. ವೈದ್ಯರಲ್ಲಿಗೆ ಹೋಗುವಾಗ ಆಕೆ ತನ್ನ ಬೇನೆಗಳನ್ನೆಲ್ಲ ಬರೆದೊಯ್ಯಲಿ; ಮನೆಯವರು ‘ಸಹಿಸಿಕೋ’ ಎನ್ನುವ ಮೊದಲು ‘ಏನಾಗುತ್ತಿದೆ?’ ಎಂದು ಕೇಳಲಿ.