ಅಗ್ಗದ ಬಟ್ಟೆಯ ಋಣಭಾರ

ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಜನಿಸಿ, ತಿರುಪ್ಪೂರನ್ನು ಹಾಯ್ದು ಕಾವೇರಿಯನ್ನು ಸೇರುವ ನೊಯ್ಯಲ್ ನದಿಗೆ ಒರತ್ತುಪಾಳೆಯಮೆಂಬಲ್ಲಿ ಕಟ್ಟಿದ ಅಣೆಕಟ್ಟು 1992ರಲ್ಲಿ ಪೂರ್ಣಗೊಂಡಾಗ, ಅದರ ಕೆಳಗಿನ ರೈತರು ತಮ್ಮ ಹೊಲಗಳ ನೀರಿನ ಬರ ನೀಗಿತೆಂದು ನಂಬಿದ್ದರು. ಆದರೆ ಹತ್ತಿಬಟ್ಟೆಗೆ ರಾಸಾಯನಿಕ ಬಣ್ಣವು ಗಟ್ಟಿಯಾಗಿ ಹಿಡಿಯಬೇಕಾದರೆ ಉಪ್ಪು ಹೇರಳವಾಗಿ ಬೇಕು. ಹಾಗೆ ಬಳಸಿದ ಉಪ್ಪೂ, ಹಿಡಿಯದೆ ಉಳಿದ ಬಣ್ಣವೂ ತಿರುಪ್ಪೂರಿನ ನೂರಾರು ಡೈಯಿಂಗ್ ಘಟಕಗಳಿಂದ ಹೊಳೆಗಿಳಿದು ಆ ಜಲಾಶಯದಲ್ಲಿ ಸಂಚಯವಾಗಲು, ಯಾರ ಹಿತಾರ್ಥವಾಗಿ ಅಣೆಕಟ್ಟು ನಿರ್ಮಿತವಾಗಿತ್ತೋ ಆ ರೈತರೇ ಅದರ ನೀರು ತಮಗೆ ಬೇಡವೆಂದು ನ್ಯಾಯಾಲಯದ ಮೊರೆಹೊಗಬೇಕಾಯಿತು. ಮದರಾಸು ಉಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ಆ ಘಟಕಗಳನ್ನು ಮುಚ್ಚಿಸಿತು. ತೊಟ್ಟು ಕೊಳೆನೀರನ್ನೂ ಹೊರಬಿಡದೆ ಶುದ್ಧೀಕರಿಸಿ ಮರಳಿ ಬಳಸತಕ್ಕದ್ದೆಂಬ ಕಟ್ಟಳೆಯ ಮೇಲೆ ಅವು ಪುನಃ ತೆರೆದುವು. ಬಣ್ಣದ ಖರ್ಚೂ ಏರಿತು. ಆ ಖರ್ಚು ಹೊಸದಾಗಿ ಹುಟ್ಟಿದುದಲ್ಲ. ಅಂದಿನವರೆಗೆ ಅದನ್ನು ಬಾವಿ ಕೆಟ್ಟ ಕೃಷಿಕನು ತೆರುತ್ತಿದ್ದನು. ಅಂದಿನಿಂದ ಅದು ಬಟ್ಟೆ ಮಾಡುವವರ ಲೆಕ್ಕಪುಸ್ತಕಕ್ಕೆ ಬಂದಿತು.

ಉಡುಪಿನ ಅಗ್ಗತನವು ಬಹುಮಟ್ಟಿಗೆ ಹೀಗೆ ವ್ಯಯವನ್ನು ಪರರ ತಲೆಗೆ ಹೊರಿಸುವುದರ ಫಲವೆಂದೇ ನನ್ನ ಎಣಿಕೆ. ಢಾಕಾದ ಸಮೀಪದ ಸಾವರ್‌ನಲ್ಲಿ, ಗೋಡೆಗಳ ಬಿರುಕು ಹಿಂದಿನ ದಿನವೇ ಕಂಡಿದ್ದರೂ ಕೆಲಸಗಾರರನ್ನು ಒಳಕ್ಕೆ ಕರೆದ, ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ 2013ರ ಏಪ್ರಿಲ್ 24ರಂದು ಕುಸಿದು 1,100ಕ್ಕೂ ಹೆಚ್ಚು ಮಂದಿಯ ಪ್ರಾಣ ಹೋಯಿತು. ನಮ್ಮ ಬೆಂಗಳೂರಿನಲ್ಲಿ, ಭವಿಷ್ಯನಿಧಿಯ ಹಣವನ್ನು ಹಿಂಪಡೆಯುವುದಕ್ಕೆ ಕೇಂದ್ರ ಸರ್ಕಾರವು ನಿರ್ಬಂಧ ವಿಧಿಸಹೊರಟ 2016ರ ಏಪ್ರಿಲ್‌ನಲ್ಲಿ, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರವಾಗಿ ಬೀದಿಗಿಳಿದರು. ತಿಂಗಳ ಸಂಬಳ ತಿಂಗಳಿಗೇ ಸಾಲದವರಿಗೆ ಆ ಅಲ್ಪ ಮೊತ್ತವೇ ಆಪದ್ಧನವಾಗಿತ್ತು. ನಿರ್ಬಂಧವು ರದ್ದಾಯಿತು, ಕೂಲಿಯ ಪ್ರಶ್ನೆ ಇದ್ದಲ್ಲೇ ಉಳಿಯಿತು.

‘ಪರಿಸರಸ್ನೇಹಿ’ ಎಂಬ ಚೀಟಿ ಅಂಟಿಸಿದ ಉಡುಪುಗಳು ಈಗ ಅಂಗಡಿಗಳಲ್ಲಿ ಬೇಕಾದಷ್ಟಿವೆ. ಲೋಕದಲ್ಲಿ ತಯಾರಾಗುವ ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲೆಣ್ಣೆಯಿಂದ ಬರುವ ಪಾಲಿಯೆಸ್ಟರ್. ಮರುಬಳಕೆಯದೆಂದು ಮಾರುವ ಪಾಲಿಯೆಸ್ಟರ್ ಕೂಡ ಬಹುಪಾಲು ಪ್ಲಾಸ್ಟಿಕ್ ಬಾಟಲಿಗಳಿಂದ ಆದದ್ದು, ಹಳೆಯ ಬಟ್ಟೆಯಿಂದಲ್ಲ. 2000ದಿಂದ 2015ರ ಒಳಗೆ ಉಡುಪುಗಳ ಉತ್ಪಾದನೆ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಒಂದೊಂದನ್ನು ತೊಡುವ ಸಲವಾದರೋ ಕುಗ್ಗಿತು. ಪ್ರಮಾಣವು ಹೀಗೆ ಬೆಳೆಯುತ್ತಿರುವಾಗ ನೂಲನ್ನು ಮಾತ್ರ ಬದಲಿಸುವುದು ಅರೆಚಿಕಿತ್ಸೆಯೇ ಸರಿ.

ಪ್ರಮಾಣಕ್ಕೆ ಮಿತಿಯಿಟ್ಟುಕೊಂಡೇ ನಡೆದ ಉದ್ಯೋಗವೊಂದು ನಮ್ಮಲ್ಲುಂಟು. ಸಾಗರದ ಸಮೀಪದ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನರ ಪ್ರಯತ್ನದಿಂದ ತೊಂಬತ್ತರ ದಶಕದಲ್ಲಿ ಆರಂಭವಾದ ‘ಚರಕ’ವೆಂಬ ಮಹಿಳಾ ಸಹಕಾರ ಸಂಘದವರು, ಮಲೆನಾಡಿನ ಮನೆಗಳಲ್ಲಿ ಅಡಿಕೆಯನ್ನು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರನ್ನೇ ಬಣ್ಣವಾಗಿಸಿ, ಕೈಮಗ್ಗದ ಬಟ್ಟೆಗೆ ಅದರ ಕಂದುಗೆಂಪನ್ನು ಹಿಡಿಸಿದರು. ಹೊಳೆಯನ್ನು ಕೆಡಿಸದ, ನೇಯುವವಳನ್ನು ಊರು ಬಿಡಿಸದ ಈ ಬಟ್ಟೆಗೆ ಬೆಲೆ ಕೊಂಚ ಹೆಚ್ಚು. ಹೆಚ್ಚಾಗಲೇಬೇಕು, ಏಕೆಂದರೆ ಇಲ್ಲಿ ಯಾರ ಪಾಲನ್ನೂ ಕದ್ದು ಕಳೆದಿಲ್ಲ. ಅಂಥ ಬಟ್ಟೆಯನ್ನು ವರ್ಷಕ್ಕೆ ಎರಡೇ ಕೊಂಡು, ಹರಿದರೆ ಹೊಲಿಸಿ, ಕಡೆಗೆ ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆಗೆ ಮಾಡುವಂತೆ ಕೌದಿಗೆ ಸೇರಿಸುವ ಗೃಹಸ್ಥನಿಗೆ ಅದು ದುಬಾರಿಯೆನಿಸದು. ಆದರೆ ತಿಂಗಳಿಗೆ ಎಂಟೊಂಬತ್ತು ಸಾವಿರದಲ್ಲಿ ಸಂಸಾರ ತೂಗಿಸುವವನಿಗೆ ಈ ಉಪದೇಶವನ್ನು ಹೇಳುವುದು ಅನ್ಯಾಯ. ಅವನು ಅಗ್ಗದ್ದನ್ನು ಕೊಳ್ಳುವುದು ಚಪಲದಿಂದಲ್ಲ. ಹೊಣೆಯ ಮಾತು ಮೊದಲು ಸಲ್ಲುವುದು ಬೀರು ತುಂಬಿದ್ದರೂ ಕೊಳ್ಳುತ್ತಿರುವ ನಮ್ಮಂಥವರಿಗೆ, ಅದಕ್ಕೂ ಮೊದಲು ಸರ್ಕಾರಕ್ಕೆ.

ಕೈಉತ್ಪನ್ನಗಳ ಮೇಲೆ ತೆರಿಗೆಯೇ ಇರಬಾರದೆಂದು ಪ್ರಸನ್ನರು 2017ರಲ್ಲಿ ಉಪವಾಸ ಕುಳಿತಿದ್ದರು. 2025ರ ಸೆಪ್ಟೆಂಬರಿನಲ್ಲಿ ಪರಿಷ್ಕೃತವಾದ ಜಿಎಸ್‌ಟಿ, ಸಿದ್ಧ ಉಡುಪಿನ ಬೆಲೆ 2,500 ರೂಪಾಯಿಯವರೆಗಿದ್ದರೆ ಶೇ 5ರಷ್ಟು, ಮೀರಿದರೆ ಶೇ 18ರಷ್ಟು. ನಾಲ್ಕು ಸಲ ತೊಟ್ಟು ಎಸೆಯುವ ಅಂಗಿಗೆ ಅಲ್ಪ ತೆರಿಗೆ, ಹತ್ತು ವರ್ಷ ಬಾಳುವ ಕೈನೇಯ್ಗೆಯ ಉಡುಪಿಗೆ ಆ ಮಿತಿ ದಾಟಿದೊಡನೆ ಮೂರುಪಟ್ಟಿಗೂ ಮೀರಿದ ತೆರಿಗೆ. ಬೆಲೆಯನ್ನು ಬಿಟ್ಟು, ಬಟ್ಟೆ ಹೇಗೆ ತಯಾರಾಯಿತೆಂಬುದನ್ನು ನೋಡಿ ದರ ಗೊತ್ತುಮಾಡಬೇಕೆಂಬ ಪ್ರಸ್ತಾವವನ್ನು ಜಿಎಸ್‌ಟಿ ಮಂಡಳಿಯ ಮುಂದಿಡುವ ಅಧಿಕಾರ ಅಲ್ಲಿ ಕೂರುವ ಪ್ರತಿಯೊಂದು ರಾಜ್ಯಕ್ಕೂ ಉಂಟು. ಚರಕವನ್ನೂ ಗಾರ್ಮೆಂಟ್ಸ್ ಕಾರ್ಖಾನೆಗಳನ್ನೂ ಒಡಲಲ್ಲಿಟ್ಟುಕೊಂಡಿರುವ ಕರ್ನಾಟಕವೇ ಅದನ್ನು ಮೊದಲು ಮಂಡಿಸಲಿ.