ರೈತನ ಮನೋವ್ಯಥೆಯೂ ಗ್ರಾಮದ ಯಜಮಾನರ ಕರ್ತವ್ಯವೂ

ಪೈರಿಗೆ ರೋಗ ತಗಲಿದರೆ ಎಲೆಯಲ್ಲಿ ಕಾಣುತ್ತದೆ. ದನಕ್ಕೆ ಬೇನೆ ಬಂದರೆ ಅದು ಮೇವು ಬಿಡುತ್ತದೆ. ಇವನ್ನು ಕಂಡೊಡನೆ ವಿವೇಕಿಯಾದ ರೈತನು ಚಿಕಿತ್ಸೆಗೆ ತೊಡಗುತ್ತಾನೆ. ಆದರೆ ಪೈರನ್ನೂ ದನವನ್ನೂ ಸಾಕತಕ್ಕ ಆ ರೈತನ ಮನಸ್ಸೇ ಬಾಡಿದಾಗ ಗಮನಿಸತಕ್ಕವರು ಗ್ರಾಮದಲ್ಲಿ ವಿರಳ. ಇದು ಶೋಚನೀಯವಾದ ಸಂಗತಿ.

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ಕೃಷ್ಣರಾಜಸಾಗರದ ನಾಲೆಯಿಂದಲೂ, 1933ರಲ್ಲಿ ಮಂಡ್ಯದಲ್ಲಿ ಸ್ಥಾಪಿತವಾದ ಸಕ್ಕರೆ ಕಾರ್ಖಾನೆಯಿಂದಲೂ ಉಂಟಾದ ಲಾಭವು ಸರ್ವವಿದಿತವಾಗಿದೆ. ಆದರೂ ನೀರು ಬಂದಲ್ಲೆಲ್ಲಾ ಚಿಂತೆ ಹೋಯಿತೆನ್ನಲಾಗದು. ಕಬ್ಬು ವರ್ಷಾವಧಿಯ ಬೆಳೆ. ಗೊಬ್ಬರ ಕೂಲಿಗಳ ಖರ್ಚು ಮೊದಲು, ಹಣ ಕಡೆಗೆ. ಕಟಾವು ತಡವಾದರೆ ತೂಕ ಇಳಿಯುವುದು, ಹಣ ಬಾಕಿ ನಿಂತರೆ ಬಡ್ಡಿ ಏರುವುದು. ನಾಲೆಯ ಕೊನೆಯ ಗದ್ದೆಗಳಿಗಂತೂ ನೀರು ತಲಪುವುದೇ ತಡ. 2015ರಲ್ಲಿ ಸಕ್ಕರೆಯ ಬೆಲೆ ಕುಸಿದು ಕಬ್ಬಿನ ಹಣ ಬಾಕಿ ನಿಂತಾಗ ಮಂಡ್ಯ ಜಿಲ್ಲೆಯ ಹಲವು ಮಂದಿ ರೈತರು ತಾವಾಗಿಯೇ ಪ್ರಾಣ ನೀಗಿದರು.

ಸಾಲ ತೀರದೆ ಸಮಾಧಾನದ ಮಾತಿನಿಂದ ಫಲವೇನೆಂದು ಕೆಲವರು ಕೇಳುವುದುಂಟು. ಸಾಲಕ್ಕೆ ತಕ್ಕ ಏರ್ಪಾಡು ಅವಶ್ಯವೇ ಸರಿ. ಆದರೆ ಅಷ್ಟೇ ಸಾಲವುಳ್ಳ ನೆರೆಯವನು ಬದುಕಿಕೊಂಡಿರುವುದೂ ಉಂಟು. ಸಾಲದೊಡನೆ ಅವಮಾನವೂ ಒಂಟಿತನವೂ ಸೇರಿದಾಗಲೇ ಅಪಾಯ ಹೆಚ್ಚುತ್ತದೆ. ಮಾನಕ್ಕೆ ಅಂಜಿ ಹೆಂಡತಿಗೂ ಲೆಕ್ಕ ಹೇಳದವನು ಹೊರೆಯನ್ನು ಒಬ್ಬನೇ ಹೊರುತ್ತಾನೆ. ಅಂಥವನ ಜಗಲಿಯ ಮುಂದೆ ನಿಂತು ನಾಲ್ಕು ಜನರೆದುರು ಸಾಲ ಕೇಳುವ ಜಮೀನುದಾರನು ಹಣವನ್ನೂ ಪಡೆಯನು, ನೆರೆಯವನನ್ನೂ ಕಳೆದುಕೊಳ್ಳುವನು. ವಾಯಿದೆಯ ಮಾತನ್ನು ಏಕಾಂತದಲ್ಲಿ ಆಡುವುದು ದಯೆ ಮಾತ್ರವಲ್ಲ, ವ್ಯವಹಾರಜ್ಞಾನವೂ ಹೌದು.

ನಿದ್ರೆ ಕೆಡುವುದು, ಊಟ ಸೇರದಿರುವುದು, ಸಂತೆ ಜಾತ್ರೆಗಳನ್ನು ತಪ್ಪಿಸುವುದು, ಗದ್ದೆಯ ಕಡೆ ಸುಳಿಯದಿರುವುದು, ಕುಡಿತ ಹೆಚ್ಚುವುದು, ಇದ್ದು ಫಲವಿಲ್ಲವೆನ್ನುವುದು, ಇವು ಮನೋವ್ಯಥೆಯ ಲಕ್ಷಣಗಳು. ಎರಡು ವಾರ ಇವು ನಿಂತರೆ ಅಲಕ್ಷಿಸತಕ್ಕದ್ದಲ್ಲ. ಸಾಯುವ ಮಾತು ಬಂದರೆ ಒಂದು ದಿನವೂ ತಡೆಯತಕ್ಕದ್ದಲ್ಲ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರೆ ಅದು ಹುಟ್ಟುವುದೆಂಬ ಭಯ ನಿರಾಧಾರವಾದುದು. ಕೇಳಿದರೆ ಭಾರ ಇಳಿಯುತ್ತದೆ.

ಕೀಟನಾಶಕಗಳನ್ನು ಮನೆಯಲ್ಲಿ ಕೈಗೆ ಸಿಕ್ಕುವಂತೆ ಇಡದೆ ಬೀಗದಲ್ಲಿಡತಕ್ಕದ್ದು. ಸಿಂಹಳದಲ್ಲಿ 1995ರಿಂದ ಅತಿ ವಿಷಕರವಾದ ಔಷಧಿಗಳನ್ನು ನಿಷೇಧಿಸಿದ ಮೇಲೆ ಹತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ದುಡುಕಿನ ಗಳಿಗೆ ಕಳೆದರೆ ಜೀವ ಉಳಿಯುವುದೆಂಬುದಕ್ಕೆ ಇದೇ ಸಾಕ್ಷಿ.

ಚಿಕಿತ್ಸೆಯೂ ದೂರವಿಲ್ಲ. ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ತಜ್ಞರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416ರಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದು. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದು ಭಾವಿಸಿ ಆರೈಕೆ ಮಾಡಬೇಕೆಂದು 2017ರ ಮಾನಸಿಕ ಆರೋಗ್ಯದ ಕಾಯಿದೆಯು ವಿಧಿಸುತ್ತದೆ. ಆದುದರಿಂದ ಪೋಲೀಸಿನ ಭಯದಿಂದ ಮುಚ್ಚಿಡಬೇಕಾದುದಿಲ್ಲ.

ಗ್ರಾಮದ ಯಜಮಾನರೂ ಇದೇ ನಿಯಮಕ್ಕೆ ಒಳಪಟ್ಟವರು. ವೇಳೆಗೆ ನಿದ್ರೆ, ಮನೆಯವರೊಡನೆ ಲೆಕ್ಕದ ಮಾತು, ಸಂಜೆ ನೆರೆಯವರೊಡನೆ ಸ್ವಲ್ಪ ಹೊತ್ತು, ಇವು ಖರ್ಚಿಲ್ಲದ ಔಷಧಗಳು. ನಾಲೆಯ ಏರಿ ಒಡೆದರೆ ಊರೆಲ್ಲಾ ಗುದ್ದಲಿ ಹಿಡಿದು ಓಡುವುದು ವಾಡಿಕೆ. ಒಬ್ಬ ರೈತನ ಧೈರ್ಯ ಒಡೆದಾಗಲೂ ಊರಿನ ಹಿರಿಯರು ಅಷ್ಟೇ ಬೇಗ ಅವನ ಬಾಗಿಲಿಗೆ ಹೋಗತಕ್ಕದ್ದು.